ಅತ್ತೆ ಆರಿಸಿದ ವ್ಯಾನು

ನಮ್ಮತ್ತೆಯ ಹಣೆಯ ಮೇಲೆ, ಕೂದಲು ಶುರುವಾಗುವ ಕಡೆ, ಅಡಕೆಯಷ್ಟು ದಪ್ಪದ ಒಂದು ಗಂಟು ಇತ್ತು. ಬಾಗಿಲ ಚೌಕಟ್ಟುಗಳಿಗೆ ಬಡಿದು ಬಡಿದು ಆದದ್ದು. ಅವರು ನಮ್ಮ ಕಡೆಯ ಹೆಂಗಸರಿಗಿಂತ ಮಾತ್ರವಲ್ಲ, ಬಹಳಷ್ಟು ಗಂಡಸರಿಗಿಂತಲೂ ಎತ್ತರ. ಮಾತಾಡುತ್ತಲೇ ನಡೆಯುವ ಅಭ್ಯಾಸ ಬೇರೆ. ಬಗ್ಗಬೇಕಾದ ಬಾಗಿಲಲ್ಲಿ ಬಗ್ಗಲು ಮರೆತು, ಟಕ್ಕೆಂದು ಬಡಿಸಿಕೊಂಡು, ಮಾತು ನಿಲ್ಲಿಸದೆ ಮುಂದೆ ಹೋಗುತ್ತಿದ್ದರು. ನಾನು ಸಾಗರದ ಆ ಮನೆಗೆ ಸೊಸೆಯಾಗಿ ಬಂದ ಮಾರನೆಯ ದಿನ ಅಡುಗೆಮನೆ ತೋರಿಸಲು ಕರೆದುಕೊಂಡು ಹೋಗುವಾಗ ಹಾಗೇ ಆಯಿತು. ನಾನು ಹೆದರಿ ನಿಂತೆ. ಅವರು ಹಣೆ ಉಜ್ಜಿಕೊಳ್ಳುತ್ತಾ ತಿರುಗಿ, "ನಿಂಗೆ ತಾಗ್ಲಿಲ್ವಲ್ಲ?" ಎಂದು ಕೇಳಿದರು.

ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅಕ್ಕಿ ಗಿರಣಿಯನ್ನು ನನ್ನ ಗಂಡ ನೋಡಿಕೊಳ್ಳುತ್ತಿದ್ದರು, ಉಳಿದದ್ದೆಲ್ಲ ಅತ್ತೆಯದು. ಏನನ್ನು ಕೊಳ್ಳುವುದಿದ್ದರೂ ಅವರದು ಒಂದೇ ಮಾತು: "ಕೂತು ನೋಡಣ." ಎಮ್ಮೆ ಕೊಳ್ಳಲು ಹೋದರೆ ಮಾರುವವರ ಕೊಟ್ಟಿಗೆಯಲ್ಲೇ ಮಧ್ಯಾಹ್ನದವರೆಗೆ ಕೂತು, ಅದು ಮೇಯುವುದನ್ನೂ ಕರುವನ್ನು ನೆಕ್ಕುವುದನ್ನೂ ನೋಡುತ್ತಿದ್ದರು. ಚಾಪೆ ಕೊಳ್ಳುವುದಾದರೆ ಅಂಗಡಿಯಲ್ಲೇ ಹಾಸಿಸಿ, ಎಲ್ಲರೆದುರು ಕಾಲು ಚಾಚಿ ಮಲಗಿ ನೋಡುತ್ತಿದ್ದರು. ಹೊಸದಾಗಿ ಮದುವೆಯಾಗಿದ್ದ ನನಗೆ ನಾಚಿಕೆಯಾಗಿ ಬೀದಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ.

ಅವರ ತವರು ಶರಾವತಿಯ ದಂಡೆಯ ಒಂದು ಸಣ್ಣ ಹಳ್ಳಿ. ಗೇಣಿಗೆ ಗದ್ದೆ ಮಾಡುತ್ತಿದ್ದ ಮನೆತನ. ಅರವತ್ತರ ದಶಕದ ನಡುವಿನಲ್ಲಿ ಅಣೆಕಟ್ಟಿನ ನೀರು ನಿಂತಾಗ ಆ ಹಳ್ಳಿ ಮುಳುಗಿತು. ಅತ್ತೆಯ ತಮ್ಮನಿಗೆ ತೀರ್ಥಹಳ್ಳಿಯಿಂದಾಚೆ ಒಂದಿಷ್ಟು ಜಾಗ ಸಿಕ್ಕಿತು. ತೊಂಬತ್ತರ ಹತ್ತಿರವಿದ್ದ ಅಜ್ಜಿ, ಅಂದರೆ ಅತ್ತೆಯ ತಾಯಿ, ಅವನ ಜೊತೆ ಹೋದರು. ಮುಳುಗಿದ ಆ ಊರಲ್ಲೇ ಕೊಟ್ಟಿದ್ದ ಅತ್ತೆಯ ಅಕ್ಕನ ಸಂಸಾರ ರಿಪ್ಪನ್‌ಪೇಟೆಯಿಂದ ಒಳಗೆ ಇನ್ನೊಂದು ಊರಿಗೆ ಹೋಯಿತು. ಅಜ್ಜಿ ಮತ್ತು ಆ ಹಿರಿಯ ಮಗಳು ಬದುಕಿಡೀ ಒಂದೇ ಕೇರಿಯಲ್ಲಿದ್ದವರು. ಬೇರೆ ಬೇರೆ ಲಾರಿ ಹತ್ತಿದ ದಿನದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅಜ್ಜಿಗೆ ಮಂಡಿ ಮಡಚುತ್ತಿರಲಿಲ್ಲ, ಬಸ್ಸು ಹತ್ತಿದರೆ ವಾಂತಿ. ಅಕ್ಕನಿಗೆ ಹೊಸ ಗದ್ದೆ ಬಿಟ್ಟು ಬರಲು ಆಗುತ್ತಿರಲಿಲ್ಲ.

ನಾವು ಒಮ್ಮೆ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ನಡೆದು ತಮ್ಮನ ಮನೆಗೆ ಹೋದೆವು. ಮನೆಯೆಂದರೆ ಸೋಗೆ ಹೊದಿಸಿದ ಒಂದು ಶೆಡ್ಡು. ತಮ್ಮ, ಅವನ ಹೆಂಡತಿ ಅಜ್ಜಿಯ ಜೊತೆ ನಮಗೆ ಒಳಗೆ ಹಾಸಿಕೊಟ್ಟು, ತಾವು ಮಕ್ಕಳನ್ನು ಕಟ್ಟಿಕೊಂಡು ಹೊರಗೆ ಮರದಡಿ ಮಲಗಿದ್ದರೆಂಬುದು ಬೆಳಿಗ್ಗೆ ಎದ್ದ ಮೇಲೆ ನಮಗೆ ಗೊತ್ತಾಯಿತು. ಮಕ್ಕಳ ಮೈಮೇಲೆಲ್ಲ ಇಬ್ಬನಿ. ತಮ್ಮನ ಹೆಂಡತಿ ಅಕ್ಕಿ ಸಾಲ ತರಲು ಪಕ್ಕದ ಶೆಡ್ಡಿಗೆ ಹೋಗಿದ್ದಳು.

ವಾಪಸು ಬಂದು ಸಾಗರದಲ್ಲಿ ಬಸ್ಸು ಇಳಿದ ಮೇಲೆ ಅತ್ತೆ ಮಗನಿಗೆ ಹೇಳಿದರು: "ಇನ್ನು ಹಿಂಗೆ ಬರಿಗೈಲಿ ಹೋಗಿ ಅವ್ರ ಜಾಗ ಕಿತ್ಕೊಳದು ಬ್ಯಾಡ. ಹೋಗದಾದ್ರೆ ಮಲಗಕ್ಕೆ ಉಣ್ಣಕ್ಕೆ ನಮ್ಮ ಜಾಗ ನಾವೇ ತಗಂಡು ಹೋಗಣ."

"ಅದ್ಹೆಂಗೆ ತಗಂಡು ಹೋಗ್ತೀಯ?" ಎಂದರು ನನ್ನ ಗಂಡ.

"ಒಂದು ವ್ಯಾನು ನೋಡು."

ಆಗ ಅಣೆಕಟ್ಟಿನ ಕೆಲಸ ಮುಗಿಯುತ್ತಾ ಬಂದು, ಗುತ್ತಿಗೆದಾರರ ಹಳೆಯ ಗಾಡಿಗಳು ಮಾರಾಟಕ್ಕೆ ಬರುತ್ತಿದ್ದವು. ಸಾಗರದ ಹೊರಗೆ ಒಬ್ಬ ವ್ಯಾಪಾರಿ ಅವನ್ನೆಲ್ಲ ಒಂದು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ್ದ. ನನ್ನ ಗಂಡನ ಮನಸ್ಸು ಒಂದು ಹಸಿರು ಸ್ಟೇಷನ್ ವ್ಯಾಗನ್ ಮೇಲೆ ಹೋಗಿತ್ತು. ಯಾರೋ ಇಂಜಿನಿಯರು ಓಡಿಸಿದ್ದಂತೆ. ಇಂಜಿನ್ ಗಟ್ಟಿ, ಬಣ್ಣ ಮಾಸಿರಲಿಲ್ಲ. ಅವರು ಬಾನೆಟ್ ಎತ್ತಿಸಿ, ಹೊಗೆ ನೋಡಿ, ಒಂದು ಸುತ್ತು ಓಡಿಸಿ ಬಂದು, "ಇದೇ ಸೈ" ಎಂದರು.

"ನಾಳೆ ನಾವೂ ಬರ್ತೀವಿ. ಕೂತು ನೋಡಣ" ಎಂದರು ಅತ್ತೆ.

ಮರುದಿನ ಕಡುಬು, ಚಟ್ನಿ, ನೀರಿನ ತಂಬಿಗೆ, ಒಂದು ಚಾಪೆ ಹಿಡಿದುಕೊಂಡು ಹೊರಟೆವು. ನನ್ನ ಸೊಂಟದ ಮೇಲೆ ಕೂಸು. ಅತ್ತೆ ವ್ಯಾಗನ್ ಹತ್ತಿ ಬಾಗಿಲು ಹಾಕಿಸಿದರು. ವ್ಯಾಪಾರಿ ಹೊರಗೆ ನಿಂತು ನಗುತ್ತಿದ್ದ. ನಾವು ಅದರಲ್ಲೇ ಊಟ ಮಾಡಿದೆವು, ಕೂಸನ್ನು ಮಲಗಿಸಿದೆವು. ಸೆಕೆಗೆ ಅದು ಕಿರುಚಿ ಎದ್ದಿತು. ಅತ್ತೆ ಅಡ್ಡಡ್ಡ ಮಲಗಿ ನೋಡಿದರು, ಕಾಲು ಕಿಟಕಿಗೆ ತಾಗಿತು. ಇಳಿಯುವಾಗ ಮೆಟ್ಟಿಲಿನ ಎತ್ತರವನ್ನು ತಮ್ಮ ಮಂಡಿಗೆ ಅಳೆದು ನೋಡಿ, "ಅಮ್ಮಂಗೆ ಇದು ಹತ್ತಕ್ಕಾಗಲ್ಲ" ಎಂದರು.

ಆಮೇಲೆ ಅವರು ಸಾಲಿನ ಕೊನೆಯಲ್ಲಿದ್ದ ಒಂದು ಬಿಳಿ ವ್ಯಾನಿನ ಕಡೆ ನಡೆದರು. ಕೆಲಸಗಾರರ ಕ್ಯಾಂಪಿನ ಆಂಬುಲೆನ್ಸು ಅದು. ಪಕ್ಕದಲ್ಲಿ ಕೆಂಪು ಗುರುತು ಮಾಸಿಹೋಗಿತ್ತು. ಹಿಂದೆ ಎರಡು ರೆಕ್ಕೆಯ ಅಗಲ ಬಾಗಿಲು, ನೆಲಕ್ಕೆ ಹತ್ತಿರದ ಮೆಟ್ಟಿಲು, ಒಳಗೆ ಒಂದು ಕಡೆ ಉದ್ದದ ಬೆಂಚು, ಇನ್ನೊಂದು ಕಡೆ ಮಡಚುವ ಮಂಚ, ಮೂಲೆಯಲ್ಲಿ ನಲ್ಲಿಯಿದ್ದ ನೀರಿನ ಡಬ್ಬ. ಅತ್ತೆ ಒಳಗೆ ಹೋಗಿ ನೆಟ್ಟಗೆ ನಿಂತರು. ಕೈ ಮೇಲೆತ್ತಿ ಸೂರು ಮುಟ್ಟಿ ನೋಡಿದರು. ಮಂಚ ಬಿಚ್ಚಿಸಿ ಮಲಗಿ ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಹಾಗೇ ಇದ್ದರೆಂದರೆ ವ್ಯಾಪಾರಿಯ ನಗು ನಿಂತುಹೋಯಿತು.

ನನ್ನ ಗಂಡ ಬಾನೆಟ್ ಮುಚ್ಚಿ ಬಂದು, "ಬ್ಯಾಡಮ್ಮ. ಇಂಜಿನ್ ಸುಸ್ತಾಗದೆ. ಏರು ಬಂದಲ್ಲೆಲ್ಲ ಕುದಿಯುತ್ತೆ ಇದು" ಎಂದರು. ಅತ್ತೆ ಎದ್ದು ಕೂತರು, ಆದರೆ ಇಳಿಯಲಿಲ್ಲ. ನನ್ನ ಗಂಡ ದನಿ ತಗ್ಗಿಸಿ, "ಅಲ್ದೆ ಇದ್ರಲ್ಲಿ ಎಂತೆಂಥದೋ ಸಾಗ್ಸಿದಾರೆ" ಎಂದರು.

ಅತ್ತೆ ವ್ಯಾಪಾರಿಯನ್ನು ಕರೆದು ಬೆಲೆ ಕೇಳಿದರು. ಅವನು ಹೇಳಿದ ಬೆಲೆ ಕೇಳಿ ನಮಗೇ ಆಶ್ಚರ್ಯವಾಯಿತು. ಪಕ್ಕದ ಮುರುಕಲು ಗಾಡಿಗಿಂತ ಕಡಿಮೆ.

"ಇಷ್ಟು ಕಮ್ಮಿ ಯಾಕೆ?"

"ನಾ ಸುಳ್ಳು ಹೇಳಲ್ಲಮ್ಮ. ಕಲ್ಲು ಒಡಿಯ ಕಡೆ ಪೆಟ್ಟು ಬಿದ್ದೋರನ್ನ ಇದ್ರಲ್ಲೇ ತರ್ತಿದ್ರು. ದಾರೀಲೇ ಜೀವ ಹೋಗಿದ್ದೂ ಅದೆ. ಅದ್ಕೆ ಯಾರೂ ಮುಟ್ಟಲ್ಲ."

ಅತ್ತೆ ಬೆಂಚಿನ ಮೇಲೆ ಕೈಯಾಡಿಸಿದರು. ಅವರ ತವರನ್ನು ಮುಳುಗಿಸಿದ ಅಣೆಕಟ್ಟಿಗೆ ಕಲ್ಲು ಹೊತ್ತವರ ಮಾತು ಅದು. ಅವರ ಮನಸ್ಸಿನಲ್ಲಿ ಏನು ಓಡಿತೋ ನನಗೆ ತಿಳಿಯದು. ಅವರು ಹೇಳಿದ್ದು ಮಾತ್ರ ಇಷ್ಟು: "ಎಲ್ಲಿಂದ್ಲೋ ಕೂಲಿಗೆ ಬಂದೋರು. ಅವ್ರು ಎಂತ ಮಾಡಿದ್ರು ನಮಗೆ? ಆ ಕಾರಣಕ್ಕೆ ಕಮ್ಮಿ ಮಾಡ್ಬ್ಯಾಡಿ. ಇಂಜಿನ್ ಹಳೇದು ಅಂತಾನೆ ನನ್ನ ಮಗ, ಟಯರು ಸವೆದದೆ. ಅದ್ಕೆ ಎಷ್ಟು ಕಮ್ಮಿ ಮಾಡ್ಬೇಕೋ ಅಷ್ಟು ಮಾಡಿ."

ಕೊಳ್ಳುವವರೇ ಬೆಲೆ ಏರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ವ್ಯಾಪಾರಿ ತಬ್ಬಿಬ್ಬಾಗಿ ನನ್ನ ಗಂಡನ ಮುಖ ನೋಡಿದ. ಅವರು ತಮ್ಮ ತಾಯಿಯ ಮುಖ ನೋಡಿ ಆಗಲೆಂದು ತಲೆಯಾಡಿಸಿದರು. ಹೊರಡುವಾಗ ಅವನು ಹೊಸ ಟಾರ್ಪಾಲೊಂದನ್ನು ತಂದು ವ್ಯಾನಿನೊಳಗೆ ಇಟ್ಟು, "ಇದು ನನ್ ಕಡೆಯಿಂದ" ಎಂದ.

ಅತ್ತೆ ವ್ಯಾನನ್ನು ಒಳಗೆ ಹೊರಗೆ ತಿಕ್ಕಿ ತೊಳೆದರು. ಬೆಂಚಿಗೆ ಹತ್ತಿಯ ಮೆತ್ತೆ, ಕಿಟಕಿಗಳಿಗೆ ತಮ್ಮ ಹಳೆಯ ಸೀರೆಯ ಪರದೆ, ಸೀಮೆಎಣ್ಣೆ ಸ್ಟವ್ವಿಗೆ ತಗಡು ಹೊಡೆದ ಪೆಟ್ಟಿಗೆ. ಕೆಂಪು ಗುರುತನ್ನು ಕೆರೆಸಿ ಬಣ್ಣ ಬಳಿಸಿದೆವು. ಆದರೂ ಪೇಟೆಯಲ್ಲಿ ಅದು "ಆಸ್ಪತ್ರೆ ಗಾಡಿ"ಯಾಗಿಯೇ ಉಳಿಯಿತು. ಕೆಲವರು ನಾವು ಹೋಗುವಾಗ ಮುಖ ತಿರುಗಿಸುತ್ತಿದ್ದರು. ಅತ್ತೆ ಅಂಥವರನ್ನೇ ಹುಡುಕಿ ಕೈಬೀಸುತ್ತಿದ್ದರು.

ಮೊದಲ ಪ್ರಯಾಣ ಅಜ್ಜಿಯ ಕಡೆಗೆ. ರಿಪ್ಪನ್‌ಪೇಟೆಯ ಮೇಲೆಯೇ ಹೋದರೂ ಅಕ್ಕನ ಊರಿಗೆ ತಿರುಗಲಿಲ್ಲ. ಬರುವಾಗ ಅಜ್ಜಿಯನ್ನು ಕೂರಿಸಿಕೊಂಡೇ ಅಲ್ಲಿಗೆ ಹೋಗುವುದೆಂದು ಅತ್ತೆಯ ಲೆಕ್ಕ. ಆದರೆ ಅಜ್ಜಿ ವ್ಯಾನು ನೋಡಿದವರೇ ಗೋಡೆಯ ಕಡೆ ತಿರುಗಿ ಕೂತರು.

"ಆಸ್ಪತ್ರೆ ಗಾಡಿ ತಂದೀಯ? ನಾನಿನ್ನೂ ಸತ್ತಿಲ್ಲ. ಹತ್ತಲ್ಲ ನಾನು."

ನನ್ನ ಗಂಡ ಬಗೆಬಗೆಯಾಗಿ ಹೇಳಿದರು. ತಮ್ಮ ಗದರಿಸಿಯೂ ನೋಡಿದ. ಅತ್ತೆ ಅವರಿಬ್ಬರನ್ನೂ ಸುಮ್ಮನಿರಿಸಿ, ವ್ಯಾನನ್ನು ಶೆಡ್ಡಿನ ಪಕ್ಕದ ಮರದ ಕೆಳಗೆ ನಿಲ್ಲಿಸಿ, ಹಿಂಬಾಗಿಲು ತೆರೆದು ಸಂಸಾರ ಹೂಡಿಯೇ ಬಿಟ್ಟರು. ನಾವು ತಂದ ಅಕ್ಕಿ, ನಾವು ತಂದ ಬೇಳೆ. ತಮ್ಮನ ಮಕ್ಕಳು ನಮ್ಮಲ್ಲಿ ಉಂಡವು, ನಮ್ಮ ಮೆತ್ತೆಯ ಮೇಲೆ ಕುಣಿದವು. ಅಜ್ಜಿ ಬಾಗಿಲಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಅತ್ತೆ ಆ ದಿನವೆಲ್ಲ ಅವರನ್ನು ಕರೆಯಲೇ ಇಲ್ಲ. ಮರುದಿನ ಬೆಳಿಗ್ಗೆ ಕಾಫಿ ಕುದಿಯುವಾಗ ಎದುರು ಹೋಗಿ ನಿಂತು, ಕುಂಕುಮದ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮದುವೆಗೆ ಕರೆಯುವವರಂತೆ ಹೇಳಿದರು: "ಅಮ್ಮ, ಮಗಳ ಮನೆಗೆ ಕಾಫಿಗೆ ಬಾ."

ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದರು. ಮೆಟ್ಟಿಲ ಮೇಲೆ ಕೂತು ಅರ್ಧ ಲೋಟ ಕುಡಿದರು, ಉಳಿದದ್ದನ್ನು ಒಳಗೆ ಬೆಂಚಿನ ಮೇಲೆ. ಮೆತ್ತೆ ಒತ್ತಿ ನೋಡಿ, ಪರದೆ ಸರಿಸಿ ಹೊರಗೆ ನೋಡಿ, ಕೊನೆಗೆ, "ಇದು ಹೊರಡದು ಯಾವಾಗ?" ಎಂದರು.

ರಿಪ್ಪನ್‌ಪೇಟೆಯ ದಾರಿಯ ಒಂದು ಏರಿನಲ್ಲಿ ನನ್ನ ಗಂಡ ಹೇಳಿದ್ದಂತೆಯೇ ಆಯಿತು. ಬಾನೆಟ್ಟಿನಿಂದ ಹಬೆ ಎದ್ದು ವ್ಯಾನು ನಿಂತಿತು. ನನ್ನ ಗಂಡ ಹೋಗಿ ಬಾನೆಟ್ ಎತ್ತಿದರು. ಅತ್ತೆ ಇಳಿದು ಎಲ್ಲರೆದುರೇ, "ನೀ ಹೇಳಿದ್ದೇ ಸರಿ. ಇಂಜಿನ್ ವಿಷಯ ನಾ ಕಿವಿಗೇ ಹಾಕ್ಕಳ್ಲಿಲ್ಲ" ಎಂದು, ಕೊಡ ಹಿಡಿದು ಹಳ್ಳ ಹುಡುಕಿಕೊಂಡು ಹೊರಟರು. ಆ ವ್ಯಾನು ನಮ್ಮಲ್ಲಿದ್ದಷ್ಟು ವರ್ಷವೂ ಏರುಗಳಲ್ಲಿ ನಿಂತಿತು, ಅವರು ಪ್ರತಿ ಸಲವೂ ತಾವೇ ನೀರು ತಂದರು. ಬೇರೆ ಯಾರಿಗೂ ಕೊಡ ಮುಟ್ಟಲು ಬಿಡುತ್ತಿರಲಿಲ್ಲ.

ಅಕ್ಕನ ಊರು ಮುಟ್ಟುವಾಗ ಬಿಸಿಲು ಇಳಿದಿತ್ತು. ಅಕ್ಕ ಗದ್ದೆಯಲ್ಲಿ ಸಸಿ ಕೀಳುತ್ತಿದ್ದವರು ಬಿಳಿ ವ್ಯಾನು ಕಂಡು ಯಾರಿಗೆ ಏನಾಯಿತೋ ಎಂದು ಕೆಸರುಗಾಲಲ್ಲೇ ಓಡಿಬಂದರು. ಹಿಂಬಾಗಿಲು ತೆರೆದಾಗ ಒಳಗೆ ಅವರ ತಾಯಿ ಕಾಲು ಚಾಚಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದರು. ಅಕ್ಕ ಬಾಗಿಲಲ್ಲೇ ಕುಸಿದು ತಾಯಿಯ ಪಾದಗಳನ್ನು ತಬ್ಬಿಕೊಂಡರು. ಬಿಳಿ ಮೆತ್ತೆಯೆಲ್ಲ ಕೆಸರಾಯಿತು. ಅಜ್ಜಿ ಮಗಳ ತಲೆ ಸವರುತ್ತಾ, "ಸೊರಗೀಯಲ್ಲೇ" ಎಂದಷ್ಟೇ ಅಂದರು.

ಸ್ವಲ್ಪ ಹೊತ್ತಿಗೆ ಅಕ್ಕ ಕಣ್ಣೊರೆಸಿಕೊಂಡು ತಮ್ಮ ಶೆಡ್ಡಿನ ಕಡೆ ನೋಡಿ ತಲೆ ತಗ್ಗಿಸಿದರು. "ಎಲ್ಲಿ ಕೂರಿಸ್ಲೇ ನಿಮ್ಮನ್ನೆಲ್ಲ?"

"ನೀ ಎಂತಕ್ಕೆ ಕೂರಿಸ್ಬೇಕು? ನೀನೇ ಬಾ ಒಳಗೆ" ಎಂದರು ಅತ್ತೆ. ಆ ರಾತ್ರಿ ಅಜ್ಜಿ ಮಂಚದ ಮೇಲೆ, ಹಿರಿಯ ಮಗಳು ಪಕ್ಕದ ಬೆಂಚಿನ ಮೇಲೆ ಮಲಗಿದರು. ನಾವು ಟಾರ್ಪಾಲಿನ ಕೆಳಗೆ.

ಅಜ್ಜಿ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಅಷ್ಟರೊಳಗೆ ಇನ್ನೂ ಕೆಲವು ಸಲ ತಾಯಿ ಮಗಳನ್ನು ಕೂಡಿಸಿದ್ದೆವು. ಒಮ್ಮೆ ನನ್ನ ಗಂಡ, "ಹೊಳೆಬಾಗಿಲ ದಂಡೆಗೆ ಹೋಗಿ ನಿಮ್ಮೂರ ಮೇಲಿನ ನೀರು ನೋಡ್ಕಂಡು ಬರಣ್ವಾ ಅಜ್ಜಿ?" ಎಂದು ಕೇಳಿದ್ದರು. "ನೀರಲ್ಲಿ ಎಂತ ನೋಡದು? ಜನ ಇರೋ ಕಡೆ ಕರ್ಕಂಡು ಹೋಗು" ಎಂದಿದ್ದರು ಅಜ್ಜಿ.

ಈಗ ನನ್ನ ತಾಯಿಯ ವಿಷಯ ಹೇಳಬೇಕು. ಅಮ್ಮ ಹೊಸನಗರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಅಪ್ಪ ಇರಲಿಲ್ಲ. ಮದುವೆ ಮನೆಗಳಲ್ಲಿ ಅಡುಗೆಗೆ ಹೋಗಿ ನನ್ನನ್ನು ಸಾಕಿದವಳು. ನನ್ನ ಮದುವೆಯಾದ ಮೇಲೆ ಬೀಗರನ್ನು ಒಮ್ಮೆಯೂ ಮನೆಗೆ ಕರೆದಿರಲಿಲ್ಲ. ಕರೆದರೆ ಎಲ್ಲಿ ಮಲಗಿಸುವುದು? ನಾನೂ ಆ ಮಾತು ಎತ್ತುತ್ತಿರಲಿಲ್ಲ. ಅಜ್ಜಿ ತೀರಿಕೊಂಡ ವರ್ಷವೇ ದೀಪಾವಳಿ ಕಳೆದ ಮೇಲೆ ಅತ್ತೆ ಒಂದು ಬೆಳಿಗ್ಗೆ, "ಸಾಮಾನು ಕಟ್ಟು, ನಿಮ್ಮಮ್ಮನ ಊರಿಗೆ ಹೋಗಣ" ಎಂದರು. ನನ್ನ ಮುಖ ಬಿಳುಚಿರಬೇಕು. "ಅಡುಗೆ ಸಾಮಾನು ಬ್ಯಾಡ. ಹಾಸಿಗೆ ಮಾತ್ರ ಇಟ್ಕ" ಎಂದು ಸೇರಿಸಿದರು.

ಎಲ್ಲಿಗೆ ಹೋದರೂ ಅಕ್ಕಿ ಬೇಳೆ ಹೊತ್ತೊಯ್ಯುತ್ತಿದ್ದವರು ಅಂದು ಉಪ್ಪನ್ನೂ ತರಲಿಲ್ಲ. ವ್ಯಾನನ್ನು ಅಮ್ಮನ ಬೀದಿಯಲ್ಲಿ ನಿಲ್ಲಿಸಿ, ತಗ್ಗು ಬಾಗಿಲಲ್ಲಿ ನಿಂತು, "ಹಸಿವಾಗದೆ ಬೀಗ್ತಿ. ಎಂತ ಮಾಡೀರಿ?" ಎಂದು ಕೇಳಿದರು. ಅಮ್ಮ ಕಂಗಾಲಾಗಿ ನನ್ನನ್ನು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತಳು. ಅತ್ತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅವಳಿಗೆ ತೆಂಗಿನಕಾಯಿ ತುರಿದುಕೊಟ್ಟರು. ನಾನು ಕೂಸನ್ನು ಮಲಗಿಸಲು ವ್ಯಾನಿಗೆ ಹೋಗಿದ್ದೆ. ಅವರಿಬ್ಬರೂ ಉಂಡದ್ದನ್ನು ನಾನು ನೋಡಲಿಲ್ಲ. ಒಳಗಿಂದ ಅಮ್ಮ ನಗುವುದು ಕೇಳಿಸಿತು.

ಅತ್ತೆ ಅದಾದ ಮೇಲೆ ಬಹಳ ವರ್ಷ ಬದುಕಿದ್ದು, ಒಂದು ಚಳಿಗಾಲದ ಬೆಳಿಗ್ಗೆ ಸಾಗರದ ಮನೆಯಲ್ಲೇ ತೀರಿಕೊಂಡರು. ಅಷ್ಟು ಹೊತ್ತಿಗೆ ವ್ಯಾನು ಗುಜರಿಗೆ ಹೋಗಿತ್ತು. ಸುದ್ದಿ ತಿಳಿದು ಅಮ್ಮ ಮೊದಲ ಬಸ್ಸಿಗೇ ಬಂದಳು. ಜಗಲಿಯಲ್ಲಿ ಕೂತಿದ್ದ ಹೆಂಗಸರು ಅತ್ತೆಯ ಎತ್ತರ, ಅವರ ಧೈರ್ಯ, ಆಸ್ಪತ್ರೆ ಗಾಡಿ ಅಂತ ಒಂದೊಂದು ಹೇಳುತ್ತಿದ್ದರು. ಅಮ್ಮ ಗೋಡೆಗೊರಗಿ ಕೂತು ಎಲ್ಲ ಕೇಳಿಸಿಕೊಂಡಳು. ಮಾತು ನಿಂತಾಗ, ಯಾರ ಮುಖವನ್ನೂ ನೋಡದೆ ಹೇಳಿದಳು:

"ನಮ್ಮನೆಗೆ ಬಂದಿದ್ರು. ಎರಡನೇ ಸಲ ಕೇಳಿ ಸಾರು ಹಾಕಿಸ್ಕಂಡ್ರು."