ಕ್ಯಾಸಲ್‌ರಾಕಿನ ಜೇಗರ್ಮಾಕರ

ಯಾಕೋಬ ಮಾಮಾನನ್ನು ಯಾರಾದರೂ ಗಂಟೆ ಎಷ್ಟಾಯಿತೆಂದು ಕೇಳಿದರೆ ಅವರು ಮೊದಲು ನೋಡುತ್ತಿದ್ದದ್ದು ಗಡಿಯಾರವನ್ನಲ್ಲ, ಕೇಳಿದವರ ಕೈಯನ್ನು. ಕೈಯಲ್ಲಿ ಪುಸ್ತಕ, ಪೆನ್ನು, ಕಾಗದದ ಕಟ್ಟು ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ, "ಯಾಕ, ಎಲ್ಲಿಗೆ ಹೊಂಟೀರಿ?" ಎನ್ನುವರು. ಅದಕ್ಕೆ ಮನಸ್ಸಿಗೊಪ್ಪುವ ಉತ್ತರ ಸಿಕ್ಕರೆ ಮಾತ್ರ ಗಂಟೆ. ಹೀಗೆ ವಿಚಾರಣೆ ಮಾಡುವ ಮನುಷ್ಯನ ಬೆನ್ನ ಹಿಂದೆ ಗೋಡೆಯ ತುಂಬ ಗಡಿಯಾರಗಳಿದ್ದವು. ಆದರೆ ಎಲ್ಲವೂ ರಿಪೇರಿಗೆ ಬಂದವು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು. ಸರಿಯಾದದ್ದು ಯಾವುದೆಂದು ಅವರೊಬ್ಬರಿಗೇ ಗೊತ್ತು.

ನಾನು ಹಳಿಯಾಳದವಳು. ಸರಕಾರಿ ನರ್ಸಾಗಿ ಕ್ಯಾಸಲ್‌ರಾಕಿಗೆ ವರ್ಗವಾಗಿ ಬಂದಾಗ ನನಗೆ ಮೊದಲು ಎದುರಾದ ದೊಡ್ಡ ಕಾಯಿಲೆ ಮಲೇರಿಯಾ ಅಲ್ಲ, ಯಾಕೋಬ ಮಾಮಾನ ಸಂಶಯ. ರೈಲ್ವೆಯವರ ಮನೆಗಳ ಸಾಲು ಮುಗಿದು ಕಾಡು ಶುರುವಾಗುವ ಕಡೆ ಅವರ ಮನೆ. ಮುಂದಿನ ಪಡಸಾಲೆಯೇ ಅಂಗಡಿ. ರಾಮನಗರದ ಸಂತೆಯ ದಿನ ಒಂದು ಚೀಲ ಹೆಗಲಿಗೇರಿಸಿ ಅಲ್ಲಿ ಹೋಗಿ ಕೂರುವರು, ಉಳಿದ ದಿನ ಇಲ್ಲೇ, ಕಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು. ನಾನು ದಪ್ಪ ರಿಜಿಸ್ಟರು ಅವುಚಿಕೊಂಡು ಮೊದಲ ಸಲ ಅವರ ಮನೆಗೆ ಹೋದಾಗ ಆ ಭೂತಗನ್ನಡಿಯಲ್ಲೇ ನನ್ನನ್ನು ತಲೆಯಿಂದ ಪಾದದವರೆಗೆ ನೋಡಿದರು.

"ಮನ್ಯಾಗ ಎಷ್ಟು ಮಂದಿ ಅದೀರಿ, ಮಾಮಾ?"

"ಕಾಣೂವಷ್ಟು."

"ನಿಮ್ಮ ತಂದಿ ಹೆಸರು?"

"ಅಂವ ಸತ್ತು ಮೂವತ್ತು ವರ್ಷ ಆತು. ಅವಂಗ ಗುಳಿಗಿ ಕೊಡ್ತೀರೇನು?"

ಒಳಗಿನಿಂದ ಅವರ ಹೆಂಡತಿ ಗೋದಾಬಾಯಿ ಕೂಗಿದರು: "ಜ್ವರದ ಗುಳಿಗಿ ಕೊಡಾಕ ಬಂದಾರ್ರೀ ಅವ್ರು. ನಿಮ್ಮ ಮನಿ ಕಸಗೊಳ್ಳಾಕಲ್ಲ!"

"ನಿನಗೇನ ಗೊತ್ತು ಸುಮ್ನಿರು. ಹಿಂದ ಒಬ್ಬಂವ ಸೊಳ್ಳಿ ಎಣಸ್ತೇನಂತ ಬಂದಾಂವ ಮನಿ ಅಳತಿ ತಗೊಂಡು ಹೋದ."

ಕೊನೆಗೆ ರಿಜಿಸ್ಟರು ಅಂಗಳದ ಕಟ್ಟೆಯ ಮೇಲಿಟ್ಟು ಬಂದರೆ ಮಾತಾಡುವುದಾಗಿ ಒಪ್ಪಿಕೊಂಡರು. ನಾನು ಇಟ್ಟು ಬಂದೆ. ಅಂದಿನಿಂದ ನಾವು ಗೆಳೆಯರಾದೆವು. ಬಿಪಿ ನೋಡಿಸಿಕೊಳ್ಳುವಾಗಲೂ, "ಎಷ್ಟೈತಿ ಅಂತ ನನಗ ಹೇಳ್ರಿ ನರ್ಸಬಾಯಿ, ಬರಕೋಬ್ಯಾಡ್ರಿ" ಎನ್ನುತ್ತಿದ್ದರು. ಅವರ ಬಿಪಿಯನ್ನು ಎಷ್ಟೋ ವರ್ಷ ನಾನು ನೆನಪಿನಲ್ಲೇ ಇಟ್ಟುಕೊಂಡೆ.

ಈ ಭಯಕ್ಕೆ ಕಾರಣವಿತ್ತು. ಜೋಯಿಡಾ ತಾಲೂಕಿನ ಕಾಡಂಚಿನಲ್ಲಿ ಮನೆ ಕಟ್ಟಿಕೊಂಡವರೆಲ್ಲರ ತಲೆಯ ಮೇಲೂ ಒಂದು ಪ್ರಶ್ನೆ ತೂಗುತ್ತಿತ್ತು: ನೀವು ಇಲ್ಲಿ ಎಂದಿನಿಂದ ಇದ್ದೀರಿ? ಮೂರು ತಲೆಮಾರು ಇಲ್ಲೇ ಇದ್ದೇವೆಂದು ತೋರಿಸಿದರೆ ಮನೆಯ ಜಾಗಕ್ಕೆ ಹಕ್ಕುಪತ್ರ. ತೋರಿಸಲಾಗದಿದ್ದರೆ ಎದ್ದು ಹೋಗಬೇಕಾದೀತೆಂಬ ಅಂಜಿಕೆ. ಹಾಗಾಗಿ ಪುಸ್ತಕ ಹಿಡಿದು ಬಂದವರು ಯಾರೇ ಇರಲಿ, ಜನಗಣತಿಯವರಿರಲಿ, ದನದ ಡಾಕ್ಟರಿರಲಿ, ಹಕ್ಕಿ ನೋಡಲು ಬಂದ ಕಾಲೇಜಿನವರಿರಲಿ, ಊರಿಗೆ ಊರೇ ಒಂದೇ ಪಾಠ ಒಪ್ಪಿಸುತ್ತಿತ್ತು: ನಮ್ಮಜ್ಜ ಇಲ್ಲೇ ಹುಟ್ಟಿದಾಂವ, ಅವರಜ್ಜನೂ ಇಲ್ಲೇ. ಈ ಪಾಠದ ಹೆಡ್‌ಮಾಸ್ತರು ಯಾಕೋಬ ಮಾಮಾ. ಓಣಿಯ ಹೆಂಗಸರನ್ನು ಕೂರಿಸಿಕೊಂಡು ಕಲಿಸುತ್ತಿದ್ದರು. "ಹೇಳಬೇಕಾದ್ರ ಮ್ಯಾಲ ನೋಡಬ್ಯಾಡ್ರಿ. ಮ್ಯಾಲ ನೋಡಿದ್ರ ಲೆಕ್ಕಾ ಹಾಕಾಕತ್ತಾರಂತ ತಿಳೀತಾರ. ಪಟ್ನ ಹೇಳ್ರಿ."

ಅವರ ಅರ್ಜಿಯೂ ಕಚೇರಿಯಲ್ಲಿತ್ತು. ಮಕ್ಕಳಿಲ್ಲ. ತಾನು ಹೋದ ಮೇಲೆ ಗೋದಾಬಾಯಿ ಆ ಮನೆಯಲ್ಲಿ ನಿಶ್ಚಿಂತೆಯಿಂದ ಇರಬೇಕೆಂಬುದೊಂದೇ ಅವರ ಚಿಂತೆ.

ಕೆಲಸದಲ್ಲೂ ಸಂಶಯವೇ. ಸಂತೆಯಲ್ಲಿ ಒಬ್ಬ ಒಳ್ಳೆಯ ಕೈಗಡಿಯಾರ ತಂದರೆ, "ಯಾರದಿದು?" ಎನ್ನುವರು. ನನ್ನದೇ ಎಂದರೆ, "ಹಂಗಾರ ಹಿಂದಿನ ಮುಚ್ಚಳದ ಮ್ಯಾಲ ಏನ್ ಕೊರದೈತಿ, ನೋಡದ ಹೇಳು." ಒಮ್ಮೆ ಸ್ಟೇಷನ್ನಿನವರು ತಮ್ಮ ಗೋಡೆ ಗಡಿಯಾರ ಹಿಂದೆ ಬೀಳುತ್ತದೆಂದು ತಂದಾಗ ಮೂರು ದಿನ ಇಟ್ಟುಕೊಂಡು ವಾಪಸು ಕೊಟ್ಟರು. "ಗಡಿಯಾರ ಬರೋಬ್ಬರಿ ಐತಿ. ಗಾಡಿ ಲೇಟ್ ಬಂದ್ರ ಇದೇನ್ ಮಾಡೀತು ಪಾಪ?" ಇನ್ನೊಂದು ರೂಢಿಯಿತ್ತು. ಯಾವ ಗಡಿಯಾರಕ್ಕೆ ಹೊಸ ಚಕ್ರವೋ ಸ್ಪ್ರಿಂಗೋ ಹಾಕಿದರೂ, ತೆಗೆದ ಹಳೆಯದನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಡುವರು. "ನಾ ಎಲ್ಲಾರ ಮ್ಯಾಲ ಸಂಶೇ ಪಡ್ತೇನಿ. ನನ್ನ ಮ್ಯಾಲ ಯಾರೂ ಪಡಬಾರ್ದು ನೋಡ್ರಿ."

ಜೇಗರ್ಮಾಕರ ಎಂಬ ಅವರ ಅಡ್ಡಹೆಸರನ್ನು ಯಾರೂ ಕೆದಕಿರಲಿಲ್ಲ. ನಮ್ಮ ಕಡೆ ಗೋವೆಯ ದಾರಿಯುದ್ದಕ್ಕೂ ಊರ ಹೆಸರಿಗೆ 'ಕರ' ಸೇರಿಸಿದ ಅಡ್ಡಹೆಸರುಗಳೇ ತುಂಬಿರುವಾಗ ಇದೂ ಯಾವುದೋ ಊರಿನದಿರಬೇಕು ಎಂದುಕೊಂಡವರೇ ಎಲ್ಲ. ಕ್ರೈಸ್ತರು ಯಾಕೋಬ ನಮ್ಮವನೆನ್ನುತ್ತಿದ್ದರು, ಮುಸಲ್ಮಾನರು ಯಾಕೂಬ ಎಂದು ಕರೆದು ಈದಿಗೆ ಬಟ್ಟಲು ತುಂಬ ಶಾವಿಗೆ ಪಾಯಸ ಕಳಿಸುತ್ತಿದ್ದರು, ಗೋದಾಬಾಯಿ ಮರಾಠಾ ಮನೆತನದವರಾಗಿ ಗಣಪತಿ ಕೂರಿಸುತ್ತಿದ್ದರು. ಮಾಮಾ ಎಲ್ಲರ ಮನೆಯಲ್ಲೂ ಉಂಡು ಬರುವರು, ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಏಳೆಂಟು ವರ್ಷದ ಹಿಂದಿನ ಮಾತು. ಮಳೆ ಮುಗಿದು ಬಿಸಿಲು ಬಿದ್ದಿತ್ತು. ಗೋವೆಯ ಕಡೆಯಿಂದ ಅನಮೋಡ ದಾಟಿ ಒಂದು ಬಾಡಿಗೆ ಕಾರು ಬಂದು ನಮ್ಮ ಆಸ್ಪತ್ರೆಯ ಮುಂದೆ ನಿಂತಿತು. ಇಳಿದದ್ದು ಎಪ್ಪತ್ತು ದಾಟಿದ ವಿದೇಶಿ ಹೆಂಗಸು, ಕೈಯಲ್ಲಿ ಊರುಗೋಲು. ಹೆಸರು ಲೇಯಾ ಎಂದಳು. ಕಾಗದದ ಮೇಲೆ ಬರೆದ ಒಂದು ಹೆಸರು ತೋರಿಸಿ, ಇಂಥವರು ಇಲ್ಲಿದ್ದಾರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನರ್ಸಿಂಗ್ ಕಲಿಯುವಾಗ ಕಲಿತ ನನ್ನ ಹರಕು ಇಂಗ್ಲಿಷಿನಲ್ಲಿ ಓದಿದೆ. ನಮ್ಮ ಮಾಮಾನ ಅಡ್ಡಹೆಸರು! ಖುಷಿಯಿಂದ ನಾನೇ ಮುಂದೆ ನಡೆದು ಅವರ ಪಡಸಾಲೆಗೆ ಕರೆದುಕೊಂಡು ಹೋದೆ.

ಅವಳು ಕುರ್ಚಿಯಲ್ಲಿ ಕೂತು, ಸುಧಾರಿಸಿಕೊಂಡು, ಚೀಲದಿಂದ ಪುಸ್ತಕ ತೆಗೆದಳು. ಪೆನ್ನೂ ತೆಗೆದಳು. ಮುಗಿಯಿತು. ಮಾಮಾ ಭೂತಗನ್ನಡಿ ಕೆಳಗಿಟ್ಟರು.

"ಇವರ ಅಜ್ಜ ಯಾವ ದೇಶದಿಂದ ಬಂದರು ಎಂದು ಕೇಳಿ" ಎಂದಳು ನನಗೆ. ನಾನು ಕೇಳಿದೆ.

"ನಮ್ಮಜ್ಜ ಇಲ್ಲೇ ಹುಟ್ಟಿದಾಂವ. ಅವರಜ್ಜನೂ ಇಲ್ಲೇ." ಮೇಲೆ ನೋಡಲಿಲ್ಲ. ಪಟ್ಟನೆ ಹೇಳಿದರು.

ಅವಳು ಬಿಡಲಿಲ್ಲ. ಯುರೋಪಿನ ಯಹೂದಿ ಮನೆಗಳಲ್ಲಿ ಯಿಡ್ಡಿಶ್ ಎಂಬ ಭಾಷೆ ಆಡುತ್ತಿದ್ದರಂತೆ. ಅದರಲ್ಲಿ ಝೇಗರ್ ಎಂದರೆ ಗಡಿಯಾರ, ಮಾಖರ್ ಎಂದರೆ ಮಾಡುವವನು. ಅವರಲ್ಲಿ ಹಿಂದೆ ಅಡ್ಡಹೆಸರೇ ಇರಲಿಲ್ಲವಂತೆ, ಇಂಥವನ ಮಗ ಇಂಥವನು ಎಂದರೆ ಸಾಕಿತ್ತು. ಆಮೇಲೆ ಸರಕಾರ ಎಲ್ಲರಿಗೂ ಅಡ್ಡಹೆಸರು ಇರಲೇಬೇಕೆಂದು ಹುಕುಂ ಹೊರಡಿಸಿದಾಗ, ಬರೆದುಕೊಳ್ಳಲು ಬಂದವನು ಏನು ಉದ್ಯೋಗವೆಂದು ಕೇಳಿ ಅದನ್ನೇ ಬರೆದುಕೊಂಡು ಹೋದನಂತೆ. ಇದು ನನಗೆ ಕೂಡಲೇ ಅರ್ಥವಾಯಿತು. ನಮ್ಮ ಮುತ್ತಜ್ಜ ಹಳಿಯಾಳದ ಪೇಟೆಯಲ್ಲಿ ಬೆಲ್ಲ ಮಾರುತ್ತಿದ್ದ. ನಾವು ಇಂದಿಗೂ ಬೆಲ್ಲದ. ನಮ್ಮ ಓಣಿಯಲ್ಲಿ ಉಳ್ಳಾಗಡ್ಡಿಯವರೂ ಇದ್ದರು, ಮೆಣಸಿನಕಾಯಿಯವರೂ ಇದ್ದರು.

ಆದರೆ ನಮ್ಮ ಬೆಲ್ಲದವರು ಊರಿಗೊಂದು ಮನೆ ಸಿಗುತ್ತಾರೆ. ಅವಳದೂ ಇದೇ ಅಡ್ಡಹೆಸರು, ಅದರವರು ಇಡೀ ಜಗತ್ತಿನಲ್ಲಿ ಬೆರಳಲ್ಲಿ ಎಣಿಸುವಷ್ಟು. ಒಂದು ಕಾಲದಲ್ಲಿ ಒಂದೇ ಊರಿನಲ್ಲಿ ಎಷ್ಟೋ ಮನೆಗಳಿದ್ದವಂತೆ. ಎರಡನೇ ಮಹಾಯುದ್ಧದ ಹೊತ್ತಿಗೆ ಯಹೂದಿಗಳೆಂದು ಅವರನ್ನೆಲ್ಲ ಹಿಡಿದುಕೊಂಡು ಹೋಗಿ ಕೊಂದರು. ಅವಳ ಅಜ್ಜ ಹೇಗೋ ಉಳಿದ. ಅಜ್ಜನ ತಮ್ಮನೊಬ್ಬ ತನ್ನ ಮಗನನ್ನು ಕರೆದುಕೊಂಡು ಹಡಗು ಹತ್ತಿದವನು ಗೋವೆಯ ಬಂದರಿನಲ್ಲಿ ಇಳಿದು ಒಂದೇ ಒಂದು ಪತ್ರ ಹಾಕಿದ್ದ. ಅದರ ಮೇಲೆ ಕ್ಯಾಸಲ್‌ರಾಕಿನ ಟಪಾಲು ಮುದ್ರೆ. ಆಮೇಲೆ ಸುದ್ದಿಯಿಲ್ಲ. "ಉಳಿದವರ ಲೆಕ್ಕ ಇಡುತ್ತಿದ್ದೇನೆ. ನನ್ನ ಅಜ್ಜ ಸಾಯುವವರೆಗೂ ತಮ್ಮನ ದಾರಿ ಕಾಯ್ದ" ಎಂದು ಅವಳು ಆ ಅಣ್ಣತಮ್ಮಂದಿರ ಹಳೆಯ ಫೋಟೋ ಒಂದನ್ನು ಮೇಜಿನ ಮೇಲಿಟ್ಟಳು.

ನಾನು ಬಗ್ಗಿ ನೋಡಿದೆ. ಫೋಟೋದಲ್ಲಿದ್ದ ಇಬ್ಬರು ತರುಣರಲ್ಲಿ ಒಬ್ಬನಿಗೆ ಯಾಕೋಬ ಮಾಮಾನವೇ ಕಿವಿಗಳು, ತಟ್ಟೆಯಂತೆ ಆಚೆ ಚಾಚಿದ್ದವು. ಮಾಮಾ ಬಹಳ ಹೊತ್ತು ನೋಡಿದರು. ಕೈಯಿಂದ ಮುಟ್ಟಲಿಲ್ಲ.

"ಗೊತ್ತಿಲ್ಲಂತ ಹೇಳ್ರಿ."

"ಮಾಮಾ, ಸ್ವಲ್ಪ ಚಂದಾಗಿ ನೋಡ್ರಿ..."

"ನರ್ಸಬಾಯಿ, ನೀವು ಯಾರ ಕಡೆ?"

ಅವಳಿಗೆ ಧ್ವನಿಯಲ್ಲೇ ತಿಳಿದಿರಬೇಕು. "ನನಗೆ ಅವರ ಮನೆಯಿಂದ, ಜಾಗದಿಂದ ಏನೂ ಬೇಡವೆಂದು ಹೇಳಿ" ಎಂದಳು. ನಾನು ಹೇಳಿದಾಗ ಮಾಮಾ ನಕ್ಕರು, ನಗುವಿನಂಥ ನಗುವಲ್ಲ. "ಜಾಗದ ಮಾತು ನಾವೆಲ್ಲಿ ತಗದೇವಿ? ಆಕಿ ತಾನs ಯಾಕ ತಗದಳು?"

ಅದನ್ನು ನಾನು ಇಂಗ್ಲಿಷಿಗೆ ತರಲಿಲ್ಲ. "ಇವರಿಗೆ ಏನೂ ಗೊತ್ತಿಲ್ಲವಂತೆ" ಎಂದಷ್ಟೇ ಹೇಳಿದೆ. ಅವಳು ಫೋಟೋವನ್ನು ಒಳಗಿಟ್ಟು, ವಿಳಾಸದ ಚೀಟಿ ಚಾಚಿದಳು. ಮಾಮಾ ಕೈ ಮುಂದೆ ಮಾಡಲಿಲ್ಲ. ಗೋದಾಬಾಯಿ ಚಹಾ ತಂದು ನಿಂತೇ ಇದ್ದರು. ಅವಳು ಚಹಾ ಕುಡಿದು, ಗೋದಾಬಾಯಿಯ ಕೈ ಹಿಡಿದು, ಮೆಲ್ಲಗೆ ಕಾರಿನ ಕಡೆ ನಡೆದಳು. ಚೀಟಿಯನ್ನು ನಾನೇ ಇಸಿದುಕೊಂಡೆ.

ಆಮೇಲೆ ಒಂದು ತಿಂಗಳು ಮಾಮಾ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಆ ಹೆಂಗಸನ್ನು ಕರೆತಂದವಳು ನಾನಲ್ಲವೇ? ನಾನೂ ಸರ್ವೆಯವರ ಪೈಕಿ ಸೇರಿಬಿಟ್ಟೆನೇನೋ ಎಂದು ಅವರ ನೋಟವೇ ಕೇಳುತ್ತಿತ್ತು. ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಯಾರೂ ಇಲ್ಲದಾಗ ಬಂದರು.

"ಬಾಗಲಾ ಮುಂದ ಮಾಡ್ರಿ."

ಬಾಗಿಲು ಮುಚ್ಚಿದೆ. ಬಿಪಿಗೆಂದು ತೋಳು ಮೇಜಿನ ಮೇಲಿಟ್ಟರು. ಪಟ್ಟಿ ಸುತ್ತಿ ಗಾಳಿ ಹಾಕುತ್ತಿದ್ದಾಗ ಹೇಳಿದರು: "ಆ ಫೋಟೋದಾಗಿನ ಎಡಗಡೆಯಾಂವ ನಮ್ಮಜ್ಜ."

ನಾನು ಗಾಳಿ ಹಾಕುವುದನ್ನು ನಿಲ್ಲಿಸಿದೆ.

"ನಾ ಸಣ್ಣಾಂವಿದ್ದಾಗ ಹೇಳ್ತಿದ್ದ. ಅವರೂರಾಗ ಪುಸ್ತಕ ಹಿಡಕೊಂಡು ಬಂದ್ರಂತ. ಹೆಸರು, ಅಪ್ಪನ ಹೆಸರು, ಮನ್ಯಾಗ ಎಷ್ಟು ಮಂದಿ, ಯಾ ಕೋಲ್ಯಾಗ ಮಲಗ್ತೀರಿ, ಎಲ್ಲಾ ಬರಕೊಂಡು ಹೋದ್ರು. ಭಾಳ ಸಂಭಾವಿತ್ರಂಗ ಮಾತಾಡಿದ್ರಂತ. ಮರುದಿನದಿಂದ ಅದs ಪುಸ್ತಕ ನೋಡಿ ಮನಿ ಮನಿ ಹೊಕ್ಕು ಮಂದೀನ ಕರಕೊಂಡು ಹೋಗಾಕ ಹತ್ತಿದ್ರು. ಅಜ್ಜ ನಮ್ಮಪ್ಪನ್ನ ಎಳಕೊಂಡು ಹಿತ್ತಲಿಂದ ಓಡಿದ. ನನಗ ಗಡಿಯಾರ ಬಿಚ್ಚೂದು ಕಲಿಸಿದಾಂವ ಅಂವನs. ಯಾರರ ನಿನ್ನ ಹೆಸರು ಬರಕೋತೀನಂದ್ರ ಮೊದಲ ಅವನ ಕೈ ನೋಡು ಅಂತ ಕಲಿಸಿದಾಂವೂ ಅಂವನs."

ಹೊರಗೆ ಗೂಡ್ಸ್ ಗಾಡಿ ಘಟ್ಟವಿಳಿಯಲು ಸಿಳ್ಳೆ ಹಾಕಿತು. ಅದು ಮುಗಿದ ಮೇಲೆ ನಾನು ಕೇಳಿದೆ:

"ಹೌದಂತ ಒಂದು ಪತ್ರ ಬರೀಲೇನ್ರಿ ಆಕಿಗೆ? ವಿಳಾಸ ನನ್ನ ಕಡೆ ಐತಿ."

ಅವರ ಕಣ್ಣು ತುಂಬಿತ್ತು. ಆದರೂ ಇಲ್ಲವೆಂದು ತಲೆಯಾಡಿಸಿದರು. "ಈಗ ಬ್ಯಾಡ. ಟಪಾಲದಾಗ ಯಾರು ಒಡದು ಓದ್ತಾರೋ ಯಾಂವ ಬಲ್ಲ. ಅಜ್ಜ, ಅಪ್ಪ ಇಬ್ಬರೂ ಹೊರಗಿಂದ ಬಂದಾರ ಅಂತಾದ್ರ ನನ್ನ ಮೂರು ತಲಿಮಾರು ಒಂದs ಆಗ್ತೈತಿ. ಹಕ್ಕಿನ ಕಾಗದಾ ಕೈಗೆ ಬರ್ಲಿ. ಗೋದಾನ ತಲಿ ಮ್ಯಾಲ ಸೂರು ಗಟ್ಟಿ ಆಗ್ಲಿ. ಆಮ್ಯಾಲ ನೀವು ಬರೀರಿ, ನಾ ಸಹಿ ಮಾಡ್ತೇನಿ."

ಎದ್ದು ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಬರೀಲಿಲ್ಲ ಹೌದಲ್ರಿ, ಇಷ್ಟೊತ್ತು ನಾ ಹೇಳಿದ್ದು?"

"ಪೆನ್ನs ಇಲ್ಲ ನೋಡ್ರಿ ಮಾಮಾ" ಎಂದು ಎರಡೂ ಕೈ ತೋರಿಸಿದೆ.

ಮುಂದೆ ನನಗೆ ಮುಂಡಗೋಡಿಗೆ ವರ್ಗವಾಯಿತು. ಹೊರಡುವ ದಿನ ಮಾಮಾ ಬಸ್ಸಿನವರೆಗೆ ಬಂದಿದ್ದರು. ಡ್ರೈವರನನ್ನು ಪಕ್ಕಕ್ಕೆ ಕರೆದು ಬ್ರೇಕು ಹೆಂಗೈತೆಂದು ವಿಚಾರಿಸಿ, ಅವನ ಮಾತು ನಂಬದೆ ಚಕ್ರಗಳನ್ನು ಒಂದು ಸುತ್ತು ನೋಡಿ ಬಂದು ಕಿಟಕಿಯಲ್ಲಿ, "ಹೋಗಿ ಬರ್ರಿ" ಎಂದರು. ಅದೇ ಕೊನೆ. ಮತ್ತೆ ನಾನು ನೋಡಲಿಲ್ಲ. ಫೋನು ಮಾಡಿದಾಗಲೆಲ್ಲ ಗೋದಾಬಾಯಿಯೇ ಎತ್ತುವರು, ಮಾಮಾ ಫೋನಿನಲ್ಲಿ ಮಾತಾಡುವವರಲ್ಲ. ಕಾಗದ ಬಂತೇ ಎಂದರೆ, ಇಲ್ಲ ಎನ್ನುವರು.

ನಾನು ನಿವೃತ್ತಳಾಗಿ ಹಳಿಯಾಳಕ್ಕೆ ಬಂದ ವರ್ಷ ಯಾಕೋಬ ಮಾಮಾ ತೀರಿಕೊಂಡರು. ಊಟ ಮಾಡಿ ಗೋಡೆಗೆ ಒರಗಿದವರು ಏಳಲಿಲ್ಲವಂತೆ. ಸುದ್ದಿ ನನಗೆ ತಲುಪುವ ಹೊತ್ತಿಗೆ ಮಣ್ಣು ಮುಗಿದಿತ್ತು. ಅದಾಗಿ ಎರಡು ತಿಂಗಳಿಗೆ ಹಕ್ಕುಪತ್ರ ಬಂತು, ಹೆಂಡತಿಯ ಹೆಸರಿಗೆ. ಗೋದಾಬಾಯಿ ಫೋನಿನಲ್ಲಿ ಅತ್ತರು.

ಅಂದು ಸಂಜೆಯೇ ನಾನು ಪತ್ರ ಬರೆಯಲು ಕೂತೆ. ಸಹಿ ಮಾಡಬೇಕಾದವರು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದೆ: ಫೋಟೋದಲ್ಲಿ ಎಡಗಡೆಯಿದ್ದವನು ಇಲ್ಲಿ ಬದುಕಿದ್ದ, ಮಗನನ್ನೂ ಮೊಮ್ಮಗನನ್ನೂ ಕಂಡ, ಗಡಿಯಾರ ರಿಪೇರಿ ಕಲಿಸಿದ. ಮೊಮ್ಮಗ ನಿಮಗೆ ಸುಳ್ಳು ಹೇಳಿದ್ದು ಮನೆಗಾಗಿ. ಆ ಸುಳ್ಳನ್ನು ನಿಮಗೆ ದಾಟಿಸಿದವಳು ನಾನು. ಈಗ ಅವರಿಲ್ಲ, ಅವರಿಗೆ ಮಕ್ಕಳೂ ಇಲ್ಲ.

ಉತ್ತರ ಬರಲು ಬಹಳ ದಿನ ಹಿಡಿಯಿತು. ಅದನ್ನು ತೆಗೆದುಕೊಂಡು ಕ್ಯಾಸಲ್‌ರಾಕಿಗೆ ಹೋಗಿ, ಪಡಸಾಲೆಯಲ್ಲಿ ಕೂತು ಗೋದಾಬಾಯಿಗೆ ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದೆ. ಲೇಯಾ ಬರೆದಿದ್ದಳು: "ಅಂದು ಕಾರು ಹತ್ತುವ ಮೊದಲೇ ಅವರನ್ನು ನನ್ನ ಲೆಕ್ಕಕ್ಕೆ ಸೇರಿಸಿದ್ದೆ. ಬಾಗಿಲು ಬಡಿದವರನ್ನು ನನ್ನ ಅಜ್ಜನೂ ಸಾಯುವವರೆಗೆ ಹಾಗೆಯೇ ನೋಡುತ್ತಿದ್ದ. ಅವರು ಗೊತ್ತಿಲ್ಲ ಎಂದದ್ದರಿಂದಲೇ ನನಗೆ ಖಾತ್ರಿಯಾಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳಿಲ್ಲವೆಂದು ಬರೆದಿದ್ದೀರಿ. ಹಾಗಾದರೆ ಭಾರತದಲ್ಲಿ ಈ ಹೆಸರು ಮುಗಿಯಿತು. ನನ್ನ ಲೆಕ್ಕದಿಂದ ಒಂದು ಕಳೆಯಬೇಕಾಗಿದೆ."

ಗೋದಾಬಾಯಿ ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸಪ್ಪಳವಾಯಿತು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಹಕ್ಕುಪತ್ರ ತಂದು ನನ್ನ ತೊಡೆಯ ಮೇಲಿಟ್ಟು, ಹೆಸರಿನ ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿ ಏನ್ ಬರದಾರ, ಓದ್ರಿ."

"ಗೋದಾವರಿ ಯಾಕೋಬ ಜೇಗರ್ಮಾಕರ."

"ಹಂಗಾರ ಕಳೀಬ್ಯಾಡಂತ ಬರೀರಿ ಆಕಿಗೆ" ಎಂದರು. "ನಾ ಇನ್ನೂ ಅದೇನಿ."