ದೃಷ್ಟಿ ತೆಗೆಯುವ ರಿವಾಲ್ವರ್

ಹಳೆಯ ರಿವಾಲ್ವರುಗಳ ಅಸಲು ನಕಲು ನೋಡಿ, ಬೆಲೆ ಕಟ್ಟಿ, ಲೈಸೆನ್ಸ್ ಇರುವ ಅಂಗಡಿಗೆ ಮಾರಿಸಿಕೊಡುವುದು ನನ್ನ ಕೆಲಸ. ಆಳಂದ, ಜೇವರ್ಗಿ ಕಡೆಯ ಯಾವ ಹಳೆಯ ವಾಡೆಯ ಮನೆಗೆ ಹೋದರೂ ಒಂದೇ ಮಾತು: "ಇದು ಖುದ್ದ ನವಾಬರು ಕೊಟ್ಟದ್ದರಿ." ಇವರು ಹೇಳುವುದನ್ನು ಕೇಳಿದರೆ ಆ ನವಾಬರಿಗೆ ರಿವಾಲ್ವರ್ ಹಂಚುವುದು ಬಿಟ್ಟು ಬೇರೆ ಉದ್ಯೋಗವೇ ಇರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದರೆ ಮುಖ ಗಂಟಿಕ್ಕುತ್ತಾರೆ. ನನಗೆ ಜಗಳಗಂಟ ಎಂಬ ಹೆಸರು ಬಂದದ್ದು ಹೀಗೆ.

ಅಫಜಲಪುರದ ಬಸ್ಸಿನಿಂದ ಗೊಬ್ಬೂರಿನಲ್ಲಿ ಇಳಿದು ಆ ಮನೆಗೆ ಹೋದದ್ದು ಮಟಮಟ ಮಧ್ಯಾಹ್ನ. ಮಾರುವವನು ಮನೆಯ ಮಗ. ಲೈಸೆನ್ಸ್ ಅವನ ಹೆಸರಿನಲ್ಲಿತ್ತು. ಅವನ ತಾಯಿ, ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದ ಮುದುಕಿ, ದೇವರ ಜಗಲಿಯಿಂದ ರಿವಾಲ್ವರನ್ನು ಎರಡೂ ಕೈಯಲ್ಲಿ ತಂದು ಬಟ್ಟೆಯ ಮೇಲೆ ಮಲಗಿಸಿದಳು. ಪಕ್ಕದ ತೊಟ್ಟಿಲಲ್ಲಿ ಅವಳ ಮೊಮ್ಮಗಳು, ತಿಂಗಳ ಕೂಸು, ನಿದ್ದೆಯಲ್ಲಿತ್ತು.

ಪ್ರತಿ ಮಹಾನವಮಿಗೆ ಎಣ್ಣೆ, ವಿಭೂತಿ ಹಚ್ಚಿ ಹಚ್ಚಿ ರಿವಾಲ್ವರಿನ ಮೇಲೆ ಕರಿ ಜಿಡ್ಡು ಕೂತಿತ್ತು.

"ಛಲೋತಂಗ ಒರಸಿ ಕೊಡು ತಮ್ಮಾ," ಎಂದಳು ಮುದುಕಿ. "ಮನಿ ಬಿಟ್ಟು ಹೋಗೂಕಿಂತ ಮೊದಲ ಕೂಸಿಗಿ ಒಂದ್ಸಲ ದೃಷ್ಟಿ ತಗೀತೇನಿ."

ನನಗೆ ತಿಳಿಯಲಿಲ್ಲ. ಮಗ ನಗುತ್ತ ಬಿಡಿಸಿ ಹೇಳಿದ. ಬೇರೆಯವರು ಉಪ್ಪು ಮೆಣಸಿನಕಾಯಿ ನಿವಾಳಿಸಿದರೆ, ಈ ಮನೆಯಲ್ಲಿ ಹುಟ್ಟಿದ ಕೂಸಿಗೆಲ್ಲ ರಿವಾಲ್ವರ್ ನಿವಾಳಿಸುತ್ತಾರೆ. ಆಮೇಲೆ ನಳಿಕೆಯ ಬಾಯನ್ನು ಕೂಸಿನ ಎದೆಗೆ ತಾಗಿಸಿ, ಗುಂಡಿಗೆ ಬಡಿಯುವ ಹಿಂದಿನ ಕುದುರೆಯನ್ನು ಎಬ್ಬಿಸಿ, ಟ್ರಿಗರ್ ಒತ್ತುತ್ತಾರೆ. ಟಕ್ ಎಂದರೆ ದೃಷ್ಟಿ ಹೋಯಿತು. ಸೊಸೆಯಾಗಿ ಬಂದಾಗಿನಿಂದ ಆ ಕೆಲಸ ಮುದುಕಿಯದೇ.

"ಖಾಲಿ ಅದರಿ. ನನಗೂ ಹಂಗೇ ತಗದಾಳ," ಎಂದ ಮಗ.

"ಒಬ್ಬಾಕಿಗಿ ತಗೀಲಿಲ್ಲ," ಎಂದಳು ಮುದುಕಿ.

ಇವನಿಗಿಂತ ಮೊದಲು ಅವಳಿಗೆ ಹುಟ್ಟಿದ ಮಗಳು. ಹೆರಿಗೆ ತವರಿನಲ್ಲಾಗಿತ್ತು, ರಿವಾಲ್ವರ್ ಇಲ್ಲಿತ್ತು. ಹೆಸರಿಡುವ ಮೊದಲೇ ಜ್ವರ ಬಂದು ಕೂಸು ಹೋಯಿತು. "ನನ್ನ ಕೈಯಾರ ಕಳಕೊಂಡೆ. ಈ ಕೂಸಿಗಿ ಹಂಗ ಆಗಬಾರದು. ತಗದ ಮ್ಯಾಲ ಯಾರಿಗರೆ ಮಾರ್ಕೋರಿ," ಎಂದಳು. ನನಗೆ ಸಂಕಟವಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಹಳೆಯ ಸರಕನ್ನು ಬೆಳಗಿದರೆ ಬೆಲೆ ಬೀಳುತ್ತದೆ. ಜಿಡ್ಡಿನ ಕೆಳಗಿನ ಮೂಲ ಬಣ್ಣವೇ ಅಸಲಿಗೆ ಸಾಕ್ಷಿ. ಹಾಗಾಗಿ ನಾನು ಒರೆಸುವುದಕ್ಕೆ ಮೊದಲು ಬಿಚ್ಚುತ್ತೇನೆ. ಗುಂಡು ಕೂರುವ ಸಿಲಿಂಡರಿನ ಮೇಲಿನ ನಂಬರೂ ರಿವಾಲ್ವರಿನ ಮೈಮೇಲಿನ ನಂಬರೂ ಒಂದೇ ಇವೆಯೇ ಎಂದು ನೋಡಬೇಕು. ಆದರೆ ಜಿಡ್ಡಿಗೆ ಅಂಟಿಕೊಂಡಿದ್ದ ಸಿಲಿಂಡರ್ ಅಲುಗಲಿಲ್ಲ. ಅದನ್ನು ತಿರುಗಿಸುವ ಒಳಗಿನ ಕೊಂಡಿ ಯಾವ ಕಾಲದಲ್ಲೋ ಮುರಿದಿತ್ತು. ಅಂದರೆ ಇಷ್ಟು ವರ್ಷ ಕುದುರೆ ಬಡಿದದ್ದೆಲ್ಲ ಒಂದೇ ತೂತಿಗೆ.

"ಬಿಚ್ಚೂದು ಆಮ್ಯಾಲ ಮಾಡು. ಮೊದಲ ಇಲ್ಲಿ ಕೊಡು," ಮುದುಕಿ ಕೈ ಚಾಚಿದಳು. ಮಗ ಆಗಲೇ ಕೂಸನ್ನು ಎತ್ತಿಕೊಂಡಿದ್ದ. "ಅವ್ವನ ಸಮಾಧಾನಕ್ಕರೆ ಕೊಡ್ರಿ," ಎಂದ.

"ಬಿಚ್ಚಿ ನೋಡೂತನಾ ಕೊಡಂಗಿಲ್ಲರಿ ಅವ್ವಾರ. ಸಿಟ್ಟಾದ್ರ ಆಗ್ರಿ," ಎಂದೆ.

ನಳಿಕೆಯನ್ನು ಗೋಡೆಯ ಕಡೆ ತಿರುಗಿಸಿ, ಸಂದಿಗೆ ಎಣ್ಣೆ ಬಿಟ್ಟು, ಕಾದು, ನಡುವಿನ ಕಡ್ಡಿಯನ್ನು ಮೆಲ್ಲಗೆ ಎಳೆದೆ. ಸಿಲಿಂಡರ್ ಕೈಗೆ ಬಂತು. ಬಾಗಿಲಿನ ಕಡೆ ಹಿಡಿದು ನೋಡಿದೆ. ಎಲ್ಲ ತೂತುಗಳಲ್ಲೂ ಬೆಳಕು ಕಂಡಿತು, ಒಂದರಲ್ಲಿ ಮಾತ್ರ ಇಲ್ಲ.

ಬಿದಿರು ಕಡ್ಡಿಯಿಂದ ನೂಕಿದಾಗ ಜಿಡ್ಡಿನಲ್ಲಿ ಹುದುಗಿದ್ದ ಒಂದು ಕಾಡತೂಸು, ಗುಂಡು ಸಮೇತ, ಬಟ್ಟೆಯ ಮೇಲೆ ಬಿತ್ತು. ಅದರ ಬುಡದ ನಡುವೆ ಏಟಿನ ಮೇಲೆ ಏಟು ಬಿದ್ದ ಗುಳಿ. ಕುದುರೆಯ ಮೂಗಿಗೆ ಮೆತ್ತಿ ಗಟ್ಟಿಯಾಗಿದ್ದ ವಿಭೂತಿ ಪ್ರತಿ ಸಲವೂ ಏಟನ್ನು ಮೆತ್ತಗೆ ಮಾಡಿತ್ತು. ಅವಳು ಹೇಳಿದಂತೆ ಒರೆಸಿ ಕೊಟ್ಟಿದ್ದರೆ ಆ ತಡೆಯೂ ಇರುತ್ತಿರಲಿಲ್ಲ.

ಮಗ ಕೂಸನ್ನು ಅವಚಿಕೊಂಡು ಬಾಗಿಲ ತನಕ ಹಿಂದೆ ಸರಿದ. ನಂಬರು ತಾಳೆಯಾಗಿವೆ, ಸರಕು ಅಸಲು, ಒಳ್ಳೆಯ ಬೆಲೆ ಬರುತ್ತದೆ ಎಂದು ನಾನು ಏನೋ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮುದುಕಿ ಕಾಡತೂಸನ್ನು ಅಂಗೈಯಲ್ಲಿಟ್ಟುಕೊಂಡು ಗುಳಿಯನ್ನು ಬೆರಳಿನಿಂದ ಸವರುತ್ತ ಕೂತಳು. ತಾನು ದೃಷ್ಟಿ ತೆಗೆದ ಮೈದುನನ ಮಕ್ಕಳ ಹೆಸರು, ಮಗನ ಹೆಸರು, ಒಂದೊಂದಾಗಿ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

"ಹಂಗಾರ ತಮ್ಮಾ, ಆ ಹೋದಾಕಿ ಒಬ್ಬಾಕಿಗೇ ನಾ ಗುಂಡು ಹೊಡದಿಲ್ಲ."