ಹಂಸಾಬೇನ್ ಮರಳಿಸಿದ ಹೊಲಿಗೆ

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಹಂಸಾಬೇನ್ ಎರಡೂ ಕೈಯ ಗಾಜಿನ ಬಳೆ ತೆಗೆದು ಅದರ ತಲೆಯ ಮೇಲಿಡುತ್ತಿದ್ದರು. ಅವರ ಗುಜರಾತಿಯನ್ನು ನನ್ನ ಧಾರವಾಡದ ಬಾಯಲ್ಲೇ ಹೇಳುತ್ತೇನೆ, ಮಕ್ಕಳೇ: "ಕೈ ಮಾತಾಡೂ ಮುಂದ ಬಳಿ ಸುಮ್ಮನಿರಬೇಕು."

ಸೂರತ್ತಿನ ಉಧ್ನಾದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಸೀರೆಗೆ ಯಂತ್ರದಲ್ಲಿ ಕಸೂತಿ ಹಾಕುವ ಕಾರ್ಖಾನೆಯೊಂದರಲ್ಲಿ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹೊಸ್ತಿಲು ದಾಟುತ್ತಿರಲಿಲ್ಲ. ನನ್ನ ಸೆರಗಿನ ತುಳಸಿಕಟ್ಟೆಯ ಕಸೂತಿ ಕಂಡು ಅವರೇ ಕಾರ್ಖಾನೆಗೆ ಎಳೆದೊಯ್ದರು. ನಾನು ಬಟ್ಟೆಯ ಮೇಲೆ ಹಾಕಿಕೊಟ್ಟದ್ದು ಅವರ ಪರದೆಯ ಮೇಲೆ ಮೂಡುತ್ತಿತ್ತು. ನಮ್ಮ ಮನೆಯ ಒಲೆ ಉರಿದದ್ದು ಅದರಿಂದ.

ಒಮ್ಮೆ ಹಳೆಯ ಸಾಫ್ಟ್‌ವೇರ್ ಅಳಿಸಿ ಹೊಸದನ್ನು ಹಾಕಿದರು. ಹಳೆಯ ಫ್ಲಾಪಿಗಳಲ್ಲಿ ಉಳಿಸಿಟ್ಟಿದ್ದ ಹೂಬಳ್ಳಿಗಳೆಲ್ಲ ಸರಿಯಾಗಿ ಬಂದವು. ನನ್ನ ತುಳಸಿಕಟ್ಟೆಯ ಮೇಲೆ ಮಾತ್ರ ಜೇಡ ಬಲೆ ನೇಯ್ದಂತೆ ಅಡ್ಡಾದಿಡ್ಡಿ ದಾರ. ಕಾರ್ಖಾನೆಯ ಯಜಮಾನ ಶೇಠರು ನೋಡಿ, "ನಾಳೆ ಸರಿ ಆಗಲಿಲ್ಲಂದ್ರ ಈ ಡಿಸೈನ್ ಬ್ಯಾಡ" ಎಂದರು. ಅಂದರೆ ನಾನೂ ಬೇಡ.

ಹಂಸಾಬೇನ್ ಬಳೆ ತೆಗೆದಿಟ್ಟರು. "ಅಕ್ಕಾರ, ಅಳೂದು ಆಮ್ಯಾಲೆ. ಸೂಜಿ ಹಿಡೀರಿ, ನಾ ನೋಡತೀನಿ."

ತುಳಸಿಯ ಒಂದು ಕೊಂಬೆ ಹಾಕಿದೆ. ನಮ್ಮ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಕೊಂಬೆಯ ತುದಿಗೆ ಹೋದ ದಾರ ಅದೇ ಹಾದಿಯಲ್ಲಿ ಬುಡಕ್ಕೆ ಮರಳಬೇಕು.

"ಅರೆ! ಹೋದಲ್ಲೇ ವಾಪಸ್ ಬರತೀರಿ?" ಅವರು ಹಣೆ ಬಡಿದುಕೊಂಡು ನಕ್ಕು, ಪರದೆಯ ಹೊಸ ಸಾಫ್ಟ್‌ವೇರಿನತ್ತ ಬೆರಳು ತೋರಿಸಿದರು. "ಈ ಹೊಸಾ ಅಳಿಯಗ ಅದು ತಿಳಿವಲ್ದು. ಒಂದs ಜಾಗಾದಾಗ ಎರಡು ಹೊಲಿಗಿ ಕಂಡು, ತಪ್ಪಂತ ಒಂದು ಒರಸ್ಯಾನ. ದಾರಕ್ಕ ಬರೂ ಹಾದಿ ಇಲ್ಲ, ಅಡ್ಡಾದಿಡ್ಡಿ ಜಿಗದದ!"

"ಮತ್ತ ಈಗ?"

"ಅಳಿಯನ್ನ ಬೈದ್ರ ಮುನಿಸ್ಕೋತಾನ. ಅವಂಗ ಬ್ಯಾರೆ ಹೊಲಿಗಿ ಅಂತ ಕಾಣೂ ಹಂಗ ಮಾಡೂಣು."

ಮರಳುವ ಒಂದೊಂದು ಹೊಲಿಗೆಯನ್ನೂ ಅವರು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸುತ್ತ ಹೋದರು. ತಂದ ಚಹಾ ಆರಿತು. ಅವರ ರೆಪ್ಪೆಯೂ ಅಲುಗಿದಂತೆ ಕಾಣಲಿಲ್ಲ. ದೇವರ ಮುಂದೆ ನಿಂತವಳಂತೆ ನಾನು ನಿಂತಿದ್ದೆ. ಯಂತ್ರ ಹೊಲಿದು ಮುಗಿಸಿದಾಗ ತುಳಸಿಯ ಎಲೆ ಎಲೆಯೂ ತನ್ನ ಜಾಗದಲ್ಲಿತ್ತು. ಶೇಠರು ಬಟ್ಟೆಯನ್ನು ತಿರುವಿ ಹಿಂಬದಿಯನ್ನೂ ನೋಡಿ, "ಚಾಲೂ ಮಾಡ್ರಿ" ಎಂದರು.

ಈಗ ಹಂಸಾಬೇನ್ ಇಲ್ಲ. ಕೊನೆಯ ಸಲ ನೋಡಿದ್ದು ನಾವು ಉಧ್ನಾ ಬಿಟ್ಟ ದಿನ, ಸ್ಟೇಷನ್ನಿನಲ್ಲಿ.  ನನ್ನ ರೈಲಿನ ಕಿಟಕಿಯ ಹತ್ತಿರ ಬಂದು, ಕಂಪ್ಯೂಟರಿನ ಮುಂದೆ ಕೂರುವಾಗಿನಂತೆಯೇ ಬಳೆಗಳನ್ನು ಒಂದೊಂದಾಗಿ ತೆಗೆದು ಚೀಲಕ್ಕೆ ಹಾಕಿಕೊಂಡರು. ಆಮೇಲೆ ಸರಳುಗಳ ನಡುವೆ ಕೈ ತೂರಿಸಿ ನನ್ನ ಕೈ ಹಿಡಿದರು. ರೈಲು ಅಲುಗುವವರೆಗೂ ಬಿಡಲಿಲ್ಲ.